ಇಂಜಿನ್ ಓಡುತ್ತದೆ, ದೀಪ ಹತ್ತುವುದಿಲ್ಲ

ಕಳೆದ ಕೊಯ್ಲಿನಲ್ಲಿ ನಮಗೊದಗಿದ ಒಂದು ಪೇಚಿನ ಪ್ರಸಂಗವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ. ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಪಕ್ಕದಲ್ಲೇ ಬೇಯಿಸಿದ ಅಡಿಕೆ ಒಣಗುತ್ತಿತ್ತು. ರಾತ್ರಿ ಕಾವಲಿಗೆಂದು ಕಣದ ಅಂಚಿನಲ್ಲಿ ಗುಡಾರ ಹಾಕಿದ್ದೆವು. ಆನೆ ಓಡಾಡುವ ಕಡೆ ಬೆಳಕಿಲ್ಲದೆ ಮಲಗುವುದು ಹೇಗೆ? ಸಂಜೆಯೇ ಕರೆಂಟು ಹೋಗಿದ್ದರಿಂದ, ಹತ್ತು ತಿಂಗಳಿಂದ ಗೋಣಿ ಹೊದ್ದು ಮೂಲೆಯಲ್ಲಿ ಕುಳಿತಿದ್ದ ಎರಡು ಕೆ.ವಿ.ಎ. ಪೆಟ್ರೋಲ್ ಜನರೇಟರನ್ನು ಹೊತ್ತು ತಂದೆವು. ಎರಡನೆಯ ಎಳೆತಕ್ಕೇ ಇಂಜಿನ್ ಹಿಡಿಯಿತು. ಎಲ್ಲರೂ ಭೇಷ್ ಎಂದರು. ದೀಪ ಮಾತ್ರ ಹತ್ತಲಿಲ್ಲ.

ಬಲ್ಬು ಬದಲಾಯಿಸಿದೆವು, ವೈರು ಬದಲಾಯಿಸಿದೆವು, ಪೆಟ್ರೋಲನ್ನು ಬೈದೆವು. ಕೊನೆಗೆ ಜೀಪಿನ ದೀಪವನ್ನೇ ಆಗಾಗ ಹಾಕುತ್ತ ಬೆಳಗು ಮಾಡಿ, ಮರುದಿನ ಸೆಟ್ಟನ್ನು ಅದೇ ಜೀಪಿನಲ್ಲಿ ಹೇರಿಕೊಂಡು ಮೈಸೂರಿನ ಯಾದವಗಿರಿಗೆ ಹೋದೆವು.

ಯಾದವಗಿರಿ ಎಂದೊಡನೆ ಕೆಲವರಿಗೆ ಆಕಾಶವಾಣಿ ನಿಲಯ ನೆನಪಾದೀತು, ಕೆಲವರಿಗೆ ಆರ್.ಕೆ. ನಾರಾಯಣ್ ಅವರ ಮನೆ. ನಮ್ಮ ಕಾಲದ ತೋಟದವರಿಗೆ ನೆನಪಾಗುವುದು ಐಡಿಯಲ್ ಜಾವಾ ಕಾರ್ಖಾನೆ. 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ಹೊರಬಂದದ್ದು ಅಲ್ಲಿಂದಲೇ. ಕಾರ್ಖಾನೆ ಮುಚ್ಚಿದರೂ ಅಲ್ಲಿ ಪಳಗಿದ ಕೈಗಳು ಊರಿನಲ್ಲೇ ಉಳಿದವು. ಅಂಥ ಹಿರಿಯ ಮೇಸ್ತ್ರಿಯೊಬ್ಬರು ಮನೆಯ ಹಿಂದಿನ ಶೆಡ್ಡಿನಲ್ಲಿ ಈಗಲೂ ಸಣ್ಣಪುಟ್ಟ ರಿಪೇರಿ ಮಾಡಿಕೊಡುತ್ತಾರೆ.

“ಇಂಜಿನ್ ಚೆನ್ನಾಗೇ ಓಡ್ತಿದೆಯಲ್ಲ ಮೇಸ್ತ್ರಿಗಳೇ” ಎಂದೆವು.

“ಸ್ವಾಮಿ, ಇಂಜಿನ್ ಬೇರೆ, ಕರೆಂಟು ಬೇರೆ. ಎತ್ತು ನಡೀತು ಅಂತ ನೊಗ ಕಟ್ಟದೇ ಇರೋ ಗಾಡಿ ಹೊರಡುತ್ತಾ?” ಎಂದರು.

ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಸೆಟ್ಟಿನ ಬ್ರೇಕರ್ ಗುಂಡಿ ಒತ್ತಿ ನೋಡಿದರು. ಎಷ್ಟೋ ಸಲ ರೋಗ ಅಷ್ಟೇ ಇರುತ್ತದಂತೆ. ಅನಂತರ ಯಾವ ಲೋಡೂ ಇಲ್ಲದೆ ಇಂಜಿನ್ ಓಡಿಸಿ, ಸಾಕೆಟ್ಟಿಗೆ ಮೀಟರ್ ಕಡ್ಡಿ ಇಟ್ಟರು. ಮುಳ್ಳು ಮೂರು ವೋಲ್ಟಿನ ಹತ್ತಿರ ನಿಂತಿತು. ನಾವು ಪೆಚ್ಚಾದೆವು, ಅವರು ಮಾತ್ರ ಸಂತೋಷಪಟ್ಟರು.

ಆ ಮೂರು ವೋಲ್ಟಿನ ಅರ್ಥವೇನೆಂದರೆ, ತಿರುಗುವ ರೋಟರಿನ ಕಬ್ಬಿಣದಲ್ಲಿ ಹಿಂದಿನ ಓಟದ ಕಾಂತಶಕ್ತಿ ಅಷ್ಟಿಷ್ಟು ಉಳಿದಿದೆ. ಈ ಚೂರು ಕಾಂತದಿಂದ ಚೂರು ಕರೆಂಟು, ಆ ಕರೆಂಟು ಮರಳಿ ರೋಟರಿನ ಸುರುಳಿಗೆ ಹೋಗಿ ಹೆಚ್ಚು ಕಾಂತ, ಅದರಿಂದ ಇನ್ನಷ್ಟು ಕರೆಂಟು. ಹೀಗೆ ಏರಿ ಏರಿ 230 ವೋಲ್ಟು ಮುಟ್ಟಬೇಕು. 1867ರಲ್ಲಿ ಜರ್ಮನಿಯ ಸೀಮೆನ್ಸ್, ಇಂಗ್ಲೆಂಡಿನ ವೀಟ್‌ಸ್ಟನ್ ಇಬ್ಬರೂ ಲೋಕದ ಮುಂದಿಟ್ಟ ಸೂತ್ರವೇ ಇದು. ನಮ್ಮ ಸೆಟ್ಟಿನಲ್ಲಿ ಬೀಜವೇನೋ ಇತ್ತು, ಮೊಳೆಯುವ ದಾರಿ ಎಲ್ಲೋ ಕಟ್ಟಿತ್ತು. ಹಿಂದಿನ ಮುಚ್ಚಳ ತೆಗೆದಾಗ ತಿಳಿಯಿತು: ಸ್ಲಿಪ್ ರಿಂಗಿನ ಮೇಲೆ ಕಿಲುಬು ಕಟ್ಟಿತ್ತು, ಒಂದು ಕಾರ್ಬನ್ ಬ್ರಷ್ ಗೂಡಿನಲ್ಲೇ ಕಚ್ಚಿಕೊಂಡಿತ್ತು. ಮಳೆಗಾಲದ ತೇವ ಮಾಡಿದ ಕೆಲಸ. ನಯವಾದ ಕಾಗದದಿಂದ ರಿಂಗನ್ನು ಉಜ್ಜಿ, ಬ್ರಷ್ ಸಡಿಲಿಸಿ ಓಡಿಸಿದರೆ ಮೀಟರಿನಲ್ಲಿ 230! ಜಾವಾದ ಆರು ವೋಲ್ಟಿನ ಡೈನಮೊದಲ್ಲೂ ಇದೇ ತಂಟೆ ಇತ್ತು ಎಂದು ಮೇಸ್ತ್ರಿಗಳು ನಕ್ಕರು.

ಮೀಟರ್ ಪೂರಾ ಸೊನ್ನೆ ತೋರಿಸಿದ್ದರೆ ಮಾತು ಬೇರೆ. ಆಗ ಉಳಿಕೆಯ ಕಾಂತವೇ ಹೋಗಿರಬಹುದು, ಇಲ್ಲವೆ ಸುರುಳಿ ಕಡಿದಿರಬಹುದು. ಕಾಂತ ಹೋಗಿದ್ದರೆ ಇಂಜಿನ್ ನಿಲ್ಲಿಸಿ, ರೆಗ್ಯುಲೇಟರಿನ ತಂತಿ ಕಳಚಿ, ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ನಡುವೆ ಒಂದು ಕಾರ್ ಬಲ್ಬ್ ಇಟ್ಟು ಒಂದೆರಡು ಸೆಕೆಂಡು ಬ್ರಷ್‌ಗಳಿಗೆ ತಾಗಿಸುತ್ತಾರೆ. ಪ್ಲಸ್‌ಗೆ ಪ್ಲಸ್ಸೇ ಸೇರಬೇಕು. ಇದನ್ನು ಬಲ್ಲವರ ಎದುರಿಗೇ ಮಾಡುವುದು ಕ್ಷೇಮ. ಬ್ರಷ್ ಇಲ್ಲದ ಸಣ್ಣ ಸೆಟ್ಟುಗಳಲ್ಲಿ ಈ ಕೆಲಸವನ್ನು ಕೆಪಾಸಿಟರ್ ಮಾಡುತ್ತದೆ. ನಿಂತ ಸೆಟ್ಟಿನಲ್ಲೂ ಅದು ಶಾಕ್ ಹೊಡೆದೀತು. ಈಚಿನ ಇನ್ವರ್ಟರ್ ಮಾದರಿಯ ಸೆಟ್ಟಾದರೆ ಬಿಚ್ಚಲೇ ಬೇಡಿ. ಕೆಂಪು ದೀಪ ಬಂದರೆ ಲೋಡ್ ತೆಗೆದು, ನಿಲ್ಲಿಸಿ, ಮತ್ತೆ ಓಡಿಸಿ ನೋಡಿ.

ದೀಪ ಹತ್ತಿ ಮಂಕಾಗಿ ಕುಣಿಯುತ್ತಿದ್ದರೆ ದೋಷ ಬಹುಮಟ್ಟಿಗೆ ಇಂಜಿನಿನ ವೇಗದ್ದು. ಸಾಮಾನ್ಯ ಸೆಟ್ಟು 50 ಸೈಕಲ್ಲಿಗಾಗಿ ನಿಮಿಷಕ್ಕೆ 3000 ಸುತ್ತು ತಿರುಗಬೇಕು. ಹಳೆಯ ಪೆಟ್ರೋಲಿನ ಅಂಟು ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕುಳಿತರೆ ಅಷ್ಟು ತಿರುಗುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ, ಕೊಯ್ಲು ಮುಗಿದೊಡನೆ ಟ್ಯಾಂಕ್ ಬರಿದು ಮಾಡಿ, ನಲ್ಲಿ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಬೇಕು. ತಿಂಗಳಿಗೊಮ್ಮೆ ಸ್ವಲ್ಪ ಪೆಟ್ರೋಲ್ ಹಾಕಿ, ಅರ್ಧ ಲೋಡಿನಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಬ್ರಷ್ಷೂ ಕಚ್ಚುವುದಿಲ್ಲ.

ವೈರಿನ ವಿಷಯದಲ್ಲಿ ನಾವು ಮಾಡುವ ಜಿಪುಣತನ ಹೇಳತೀರದು. 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು ನೂರು ಮೀಟರ್ ಎಳೆದು ಎಂಟು ಆಂಪಿಯರ್ ಹರಿಸಿದರೆ ಸುಮಾರು 19 ವೋಲ್ಟು ದಾರಿಯಲ್ಲೇ ಕರಗುತ್ತದೆ, 2.5ರ ವೈರಿನಲ್ಲಿ ನಷ್ಟ 12 ವೋಲ್ಟಿಗೆ ಇಳಿಯುತ್ತದೆ. ಇನ್ನು ಒಂದು ಎಚ್.ಪಿ. ಪಂಪು ಎಂದರೆ 746 ವಾಟ್ ತಾನೆ ಎಂದು ಎರಡು ಕೆ.ವಿ.ಎ. ಸೆಟ್ಟಿಗೆ ಕಟ್ಟುವವರಿದ್ದಾರೆ. ಮೋಟಾರು ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸೆಟ್ಟು ಉಬ್ಬಸಪಟ್ಟು ನಿಲ್ಲುವುದು ಅದರ ತಪ್ಪಲ್ಲ.

ಕೆಲಸ ಮುಗಿದ ಮೇಲೆ ಮೇಸ್ತ್ರಿಗಳು ಸಹಜವಾಗಿ ಕೇಳಿದರು: “ರಾತ್ರಿ ಸೆಟ್ಟು ಎಲ್ಲಿಟ್ಟಿದ್ರಿ?” ಇಬ್ಬನಿ ಬೀಳುತ್ತಿತ್ತು, ಗುಡಾರದ ಬಾಗಿಲಲ್ಲಿ, ಪರದೆಯ ಒಳಗೇ ಇಟ್ಟಿದ್ದೆವು ಎಂದೆವು. ಅವರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. “ದೀಪ ಹತ್ತದೇ ಇದ್ದದ್ದು ನಿಮ್ಮ ಪುಣ್ಯ ಸ್ವಾಮಿ. ಹತ್ತಿದ್ರೆ ಬೆಳಿಗ್ಗೆ ಏಳ್ತಿರಲಿಲ್ಲ.”

ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ತಲೆನೋವೂ ತಿಳಿಯದೆ ಪ್ರಾಣ ಹೋಗುತ್ತದೆ. ಗುಡಾರ, ಲೈನ್ ಮನೆ, ಗೋದಾಮು, ಯಾವುದರ ಒಳಗೂ ಸೆಟ್ಟು ಓಡಬಾರದು. ಕನಿಷ್ಠ ಇಪ್ಪತ್ತು ಅಡಿ ದೂರ, ಬಯಲಿನಲ್ಲಿ, ಹೊಗೆ ಮಲಗುವ ಕಡೆಗೆ ಬೀಸದಂತೆ ಇಡಬೇಕು. ಇಬ್ಬನಿಗೆ ನಾಲ್ಕು ಗೂಟದ ಮೇಲೊಂದು ತಗಡು ಸಾಕು.

ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರಿನಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಸೇರಿಸುವ ಪದ್ಧತಿ ನಮ್ಮ ಕೆಲವು ತೋಟಗಳಲ್ಲಿದೆ. ಮೇನ್ ಸ್ವಿಚ್ ತೆಗೆಯಲು ಒಂದು ಸಲ ಮರೆತರೂ ಆ ಕರೆಂಟು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿನ ಕಡೆಗೆ ಏರಿ, ಕಂಬದ ಮೇಲಿರುವ ಲೈನ್‌ಮನ್‌ನನ್ನು ಕೊಂದೀತು. ಚೇಂಜ್ ಓವರ್ ಸ್ವಿಚ್ ಹಾಕಿಸದೆ ಮನೆಯ ವೈರಿಂಗಿಗೆ ಸೆಟ್ಟು ಸೇರಿಸಲೇಬಾರದು. ನಮ್ಮಲ್ಲೂ ಅಂಥ ವೈರೊಂದಿತ್ತು. ಊರಿಗೆ ಮರಳಿದ ದಿನವೇ ಕತ್ತರಿಸಿದೆವು.

ಮೇಸ್ತ್ರಿಗಳು ಕೂಲಿಯೆಂದು ಹೆಚ್ಚೇನೂ ತೆಗೆದುಕೊಳ್ಳಲಿಲ್ಲ. ಹೊಸ ಬ್ರಷ್ ಜೋಡಿಯೊಂದನ್ನು ಕಾಗದದಲ್ಲಿ ಸುತ್ತಿ, ಮುಂದಿನ ಕೊಯ್ಲಿಗೆ ಬೇಕಾದೀತೆಂದು ಸೆಟ್ಟಿನ ಹಿಡಿಗೇ ಕಟ್ಟಿಕೊಟ್ಟರು. ಅದು ಈಗಲೂ ಅಲ್ಲಿಯೇ ಇದೆ.