ಫೀಡ್‌ಬ್ಯಾಕ್ ಇಲ್ಲದ ನೆರವು

ಓಪನ್ ಲೂಪ್ ಸಿಸ್ಟಮ್ ನಮಗೆಲ್ಲ ಗೊತ್ತು: ಔಟ್‌ಪುಟ್ ಏನೇ ಆಗಲಿ, ಇನ್‌ಪುಟ್ ಬದಲಾಗಲ್ಲ. ಅಂತರರಾಷ್ಟ್ರೀಯ ನೆರವಿನ ಎಷ್ಟೋ ಯೋಜನೆಗಳು ಹೀಗೇ ನಡೆಯುತ್ತವೆ. ಬಜೆಟ್, ಟಾರ್ಗೆಟ್ ಎಲ್ಲ ಮೊದಲೇ ಬರೆದು ಸಹಿ ಹಾಕಿರ್ತಾರೆ. ಆದರೆ ಯುದ್ಧ ನಡೀತಿರೋ ಜಾಗದಲ್ಲಿ ಪರಿಸ್ಥಿತಿ ವಾರಕ್ಕೊಂದು ಥರ. ಅಲ್ಲಿ ಕೆಲಸ ಮಾಡುತ್ತಲೇ ಕಲಿತು, ಯೋಜನೆಯನ್ನೇ ತಿದ್ದುತ್ತಾ ಹೋಗೋದಕ್ಕೆ ಅಡಾಪ್ಟಿವ್ ಮ್ಯಾನೇಜ್‌ಮೆಂಟ್ ಅಂತಾರೆ.

ಕಾಂಗೋ ದೇಶದ ಎಬೋಲಾ ನೋಡಿ. ಆಗಸ್ಟ್ 1, 2018ರಂದು ಪೂರ್ವದ ಉತ್ತರ ಕಿವು ಪ್ರಾಂತ್ಯದಲ್ಲಿ ರೋಗ ಹರಡಿದೆ ಅಂತ ಘೋಷಣೆ ಆಯ್ತು. ಈ ಸಲ ಲಸಿಕೆ ಇತ್ತು. ರೋಗಿಯ ಸಂಪರ್ಕಕ್ಕೆ ಬಂದವರಿಗೆ, ಆಮೇಲೆ ಅವರ ಸಂಪರ್ಕದವರಿಗೆ ಹಾಕುವ 'ರಿಂಗ್' ವಿಧಾನ ಗಿನಿಯಲ್ಲಿ ಮೊದಲೇ ಫಲ ಕೊಟ್ಟಿತ್ತು. ಪೇಪರ್ ಮೇಲೆ ಎಲ್ಲ ಸರಿ.

ಆದರೆ ಬೇನಿ ಊರಿನ ಸುತ್ತಮುತ್ತ 2014ರಿಂದ ಹತ್ಯಾಕಾಂಡಗಳು ನಡೆದಿದ್ದವು. ಆಗ ಬಾರದ ದುಡ್ಡು, ಗಾಡಿ ಎಲ್ಲ ಎಬೋಲಾ ಅಂದಕೂಡಲೇ ಯಾಕೆ ಬಂತು? ಅಲ್ಲಿನ ಜನರ ಈ ಪ್ರಶ್ನೆ ನ್ಯಾಯವಾದದ್ದೇ ಅಂತ ನಮಗನಿಸುತ್ತೆ. ಡಿಸೆಂಬರ್‌ನಲ್ಲಿ ರೋಗ ಮತ್ತು ಭದ್ರತೆಯ ಕಾರಣ ಹೇಳಿ ಬೇನಿ, ಬುಟೆಂಬೊಗಳಲ್ಲಿ ಚುನಾವಣೆ ಮುಂದೂಡಿದರು. ಅನುಮಾನ ಇನ್ನೂ ಗಟ್ಟಿಯಾಯ್ತು. 2019ರ ಫೆಬ್ರವರಿಯಲ್ಲಿ ಕಾಟ್ವಾ, ಬುಟೆಂಬೊ ಚಿಕಿತ್ಸಾ ಕೇಂದ್ರಗಳ ಮೇಲೆ ಕೆಲವೇ ದಿನಗಳ ಅಂತರದಲ್ಲಿ ದಾಳಿ. ರಕ್ಷಣೆಗೆ ಬಂದೂಕಿನವರನ್ನ ಕರ್ಕೊಂಡು ಹೋದರೆ ಜನ ಇನ್ನೂ ದೂರ, ಜನ ದೂರ ಆದರೆ ಇನ್ನಷ್ಟು ಬಂದೂಕು. ಪಾಸಿಟಿವ್ ಫೀಡ್‌ಬ್ಯಾಕ್ ಅಂದ್ರೆ ಇದೇ, ಹೆಸರಲ್ಲಿ ಮಾತ್ರ ಪಾಸಿಟಿವ್!

ಹಾಗಾದರೆ ಇಲ್ಲಿ ಸೆನ್ಸರ್ ಯಾವುದು? ರೆಡ್ ಕ್ರಾಸ್ ಸ್ವಯಂಸೇವಕರು ಜನರ ಪ್ರಶ್ನೆ, ವದಂತಿ, ದೂರುಗಳನ್ನ ಬರೆದುಕೊಂಡು ವಿಂಗಡಿಸತೊಡಗಿದರು. ಚೀಲದಲ್ಲಿರೋದು ನಮ್ಮವರ ಶವನೇನಾ ಅನ್ನೋ ಸಂಶಯಕ್ಕೆ ಉತ್ತರವಾಗಿ, ಮುಖ ಕಾಣುವಂತೆ ಪಾರದರ್ಶಕ ಕಿಟಕಿ ಇರೋ ಚೀಲಗಳು ಬಂದವು. ಲಸಿಕೆ ತಂಡ ಮನೆ ಬಾಗಿಲಿಗೆ ಬಂದರೆ ಅಕ್ಕಪಕ್ಕದವರಿಗೆಲ್ಲ ಗೊತ್ತಾಗುತ್ತೆ ಅಂತ, ಬೇರೆ ಕಡೆ ತಾತ್ಕಾಲಿಕ ಲಸಿಕೆ ಜಾಗ ಮಾಡಿದರು. ನಮಗೆ ತುಂಬ ಹಿಡಿಸಿದ್ದು ಅಲಿಮಾ ಸಂಸ್ಥೆಯ 'ಕ್ಯೂಬ್'. ಪಶ್ಚಿಮ ಆಫ್ರಿಕಾದ ಎಬೋಲಾದಲ್ಲಿ ಕಲಿತ ಪಾಠದಿಂದ ಹುಟ್ಟಿದ, ಪ್ಲಾಸ್ಟಿಕ್ ಗೋಡೆಯ ಕೋಣೆ ಅದು. ಗೋಡೆಗೇ ಕೈಗವಸು ಜೋಡಿಸಿರುತ್ತೆ, ಡಾಕ್ಟರ್ ಹೊರಗಿಂದಲೇ ಕೈ ತೂರಿಸಿ ಆರೈಕೆ ಮಾಡಬಹುದು. ಮನೆಯವರು ಹೊರಗೆ ನಿಂತು ರೋಗಿಯ ಮುಖ ನೋಡಿ ಮಾತಾಡಬಹುದು. ಒಳಗೆ ಏನೋ ಮಾಡ್ತಾರಂತೆ ಅನ್ನೋ ಗುಸುಗುಸುಗೆ ಇದಕ್ಕಿಂತ ಒಳ್ಳೆ ಉತ್ತರ ಯಾವ ಪೋಸ್ಟರ್ ಕೊಡುತ್ತೆ?

ಸೆನ್ಸರ್ ಇದ್ದರೂ ಡಿಲೇ ಜಾಸ್ತಿಯಾದರೆ ಸಿಸ್ಟಮ್ ಹತೋಟಿಗೆ ಬರಲ್ಲ. ದೂರು ಮೇಲಿನವರಿಗೆ ಮುಟ್ಟಿ, ಯೋಜನೆ ಬದಲಾಗಿ, ಅದು ಊರಿಗೆ ತಲುಪೋಕೆ ಸಮಯ ಹಿಡಿಯಿತು. ಈ ಮಧ್ಯೆ ರೋಗ ಓಡ್ತಾನೇ ಇತ್ತು. ಜೂನ್ 25, 2020ರಂದು ಮುಗಿಯಿತು ಅಂತ ಘೋಷಿಸುವ ಹೊತ್ತಿಗೆ 3 ಲಕ್ಷಕ್ಕೂ ಹೆಚ್ಚು ಜನ ಲಸಿಕೆ ಪಡೆದಿದ್ದರು, 2,287 ಜನ ತೀರಿಕೊಂಡಿದ್ದರು.