ತೊರವಿ ಸೀಮೆಯ ದ್ರಾಕ್ಷಿ ಮತ್ತು ಹಳೆಯ ಬಳ್ಳಿಯ ವೈನ್

ವಿಜಯಪುರದ ಪಶ್ಚಿಮಕ್ಕೆ ಅನತಿದೂರದಲ್ಲಿರುವ ತೊರವಿ, ಕುಮಾರವಾಲ್ಮೀಕಿಯ ರಾಮಾಯಣದಿಂದ ಕನ್ನಡಿಗರಿಗೆ ಪರಿಚಿತವಾದ ಊರು. ಆದಿಲಶಾಹಿ ಕಾಲದಲ್ಲಿ ಇಲ್ಲಿಂದಲೇ ನೆಲದಡಿಯ ಸುರಂಗಗಳ ಮೂಲಕ ರಾಜಧಾನಿಗೆ ನೀರು ಹರಿಯುತ್ತಿತ್ತು. ನೀರನ್ನು ಅಳೆದು ಬಳಸಬೇಕಾದ ಈ ಸೀಮೆಯಲ್ಲಿ, ತಿಕೋಟಾ–ಬಬಲೇಶ್ವರಗಳವರೆಗೂ ದ್ರಾಕ್ಷಿ ಮುಖ್ಯ ಬೆಳೆಯಾಗಿದೆ. ಅದರ ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಸಂತತಿಯ ತಳಿಗಳು. ಸಲ್ಲುವುದು ಹೆಚ್ಚಾಗಿ ಒಣದ್ರಾಕ್ಷಿಗೆ. ರಾಜ್ಯವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಮುಂದೆ ತೊರವಿಯಲ್ಲಿಯೇ ವೈನ್ ಪಾರ್ಕಿನ ಯೋಜನೆಯೂ ರೂಪುಗೊಂಡಿತು.

ವೈನ್ ಲೋಕದಲ್ಲಿ ಹಳೆಯ ಬಳ್ಳಿಗೆ ವಿಶೇಷ ಮನ್ನಣೆಯುಂಟು. ಆಸ್ಟ್ರೇಲಿಯಾದ ಬರೋಸಾ ಪ್ರದೇಶದಲ್ಲಿ 2009ರಲ್ಲಿ ರೂಪುಗೊಂಡ ಸನ್ನದು, 35 ವರ್ಷ ತುಂಬಿದ ಬಳ್ಳಿಯನ್ನು ಹಳೆಯದೆಂದು ಗುರುತಿಸುತ್ತದೆ. ಇಂಥ ಬಳ್ಳಿ ಕಡಿಮೆ ಗೊಂಚಲು ಬಿಡುತ್ತದೆ. ಆಳಕ್ಕಿಳಿದ ಬೇರು ಮತ್ತು ಕಾಂಡದಲ್ಲಿ ಕೂಡಿಟ್ಟ ಆಹಾರ ಬರವನ್ನು ತಾಳಲು ನೆರವಾಗುತ್ತವೆ. ವಯಸ್ಸೊಂದರಿಂದಲೇ ರುಚಿ ಬರುವುದೆಂಬುದು ಮಾತ್ರ ವ್ಯಾಪಾರದ ಉತ್ಸಾಹದ ಮಾತು.

ತೊರವಿ ಸೀಮೆಯ ಬಳ್ಳಿಗೆ ಅಷ್ಟು ಆಯುಷ್ಯ ದಕ್ಕುವುದು ವಿರಳ. ಶೀತದೇಶಗಳಲ್ಲಿ ಬಳ್ಳಿಯು ಎಲೆಯುದುರಿಸಿ ಚಳಿಗಾಲವಿಡೀ ವಿಶ್ರಮಿಸುತ್ತದೆ. ಇಲ್ಲಿ ಅದಕ್ಕೆ ಆ ವಿಶ್ರಾಂತಿಯಿಲ್ಲ. ಏಪ್ರಿಲ್ ಸುಮಾರಿನ ಚಾಟನಿಯಿಂದ ಫಲ ಕೊಡುವ ಕಡ್ಡಿಗಳನ್ನು ಬೆಳೆಸಿ, ಅಕ್ಟೋಬರ್ ಸುಮಾರಿನ ಚಾಟನಿಯಿಂದ ಫಸಲು ತೆಗೆಯಬೇಕು. ಸವಳು ಮತ್ತು ನೀರಿನ ಕೊರತೆಯನ್ನು ತಾಳಲೆಂದು ಡಾಗ್‌ರಿಜ್ ಬೇರುಸಸಿಗೆ ಕಸಿ ಕಟ್ಟಿದರೂ, ಸುಮಾರು 15 ವರ್ಷಗಳಲ್ಲಿ ಇಳುವರಿ ಕುಗ್ಗುತ್ತದೆ. ಒಣದ್ರಾಕ್ಷಿಯ ಬೆಳೆಗಾರನ ಆದಾಯ ತೂಕದ ಮೇಲೆ ನಿಂತಿದೆ. ಆದುದರಿಂದ ಆತ ತೋಟವನ್ನು ಕಿತ್ತು ಹೊಸದಾಗಿ ನೆಡುತ್ತಾನೆ.

ಸ್ವಂತ ತೋಟದ ಹಣ್ಣಿನಿಂದ ಅಲ್ಪ ಪ್ರಮಾಣದ ವೈನ್ ಮಾಡಬಯಸುವವನ ಲೆಕ್ಕ ಬೇರೆ. ಕಡಿಮೆ ಗೊಂಚಲು ಅವನಿಗೆ ನಷ್ಟವೇ ಆಗಬೇಕೆಂದಿಲ್ಲ. ಆದರೆ ತಳಿಯ ಗುಣವನ್ನು ವಯಸ್ಸು ಬದಲಿಸದು. ಥಾಮ್ಸನ್ ಹಣ್ಣಿನಲ್ಲಿ ಪರಿಮಳ ಕಡಿಮೆ; ಬಿಸಿಲೇರಿದಂತೆ ಹುಳಿಯೂ ಬೇಗ ಇಳಿಯುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಸ್ಥಾಪನೆಯಾದ ಗ್ರೋವರ್ ಸಂಸ್ಥೆ ಫ್ರಾನ್ಸಿನ ವೈನ್ ತಳಿಗಳನ್ನೇ ಆಯ್ದುಕೊಂಡುದು ಇಲ್ಲಿ ಗಮನಾರ್ಹ. ವಿಜಯಪುರದ ರೈತನು ಅಂಥ ತಳಿಯನ್ನು ಇಂದು ನೆಟ್ಟರೆ, ಬರೋಸಾದ ಅಳತೆಯಂತೆ ಅದು ಹಳೆಯದಾಗುವುದು ಅವನ ಮಕ್ಕಳ ಕಾಲಕ್ಕೆ.

ಅಲ್ಲಿಯವರೆಗೆ ಕೊಯ್ಲಿನ ತೊಡಕು ಇದ್ದೇ ಇರುತ್ತದೆ. ಒಣದ್ರಾಕ್ಷಿಗಾದರೆ ದ್ರಾವಣದಲ್ಲಿ ಅದ್ದಿದ ಗೊಂಚಲನ್ನು ನೆರಳಿನ ಶೆಡ್ಡಿನಲ್ಲಿ ಹರಡಿದರಾಯಿತು. ಎರಡು ಮೂರು ವಾರಗಳಲ್ಲಿ ಬಿಸಿಗಾಳಿಯೇ ಉಳಿದ ಕೆಲಸ ಮಾಡುತ್ತದೆ. ವೈನಿಗೆ ಅದೇ ಗಾಳಿ ಶತ್ರು. ನಸುಕಿನಲ್ಲಿ ಕೊಯ್ದ ಹಣ್ಣು ಬಿಸಿಲೇರುವ ಮುನ್ನ ತೊಟ್ಟಿ ಸೇರಬೇಕು. ಹುದುಗುವ ರಸವನ್ನು ಹಗಲಿರುಳು ತಂಪಾಗಿಡಬೇಕು. ಮಾರ್ಚ್ ತಿಂಗಳ ತೊರವಿಯಲ್ಲಿ ಆ ತಂಪಿಗೆ ವಿದ್ಯುತ್ತೇ ಆಧಾರ.