ದ್ವಿತಳಿ ಲಾಟು ಗೂಡಿನ ಲಾಟೇ?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಬೆಳ್ಳನೆಯ ದ್ವಿತಳಿ ಗೂಡೂ ಬರುತ್ತದೆ, ಹಳದಿ ಛಾಯೆಯ ಮಿಶ್ರತಳಿಯೂ ಬರುತ್ತದೆ. ತಕ್ಕಡಿಗೆ ಆ ಭೇದವಿಲ್ಲ. ಯಾವ ಲಾಟು, ಅಂದರೆ ಗೂಡಿನ ರಾಶಿ, ಇಟ್ಟರೂ ತೂಗುತ್ತದೆ. ಹೀಗೆ ಒಮ್ಮೆ ಬರೆದ ಪ್ರೋಗ್ರಾಂ ಹಲವು ಬಗೆಯ ದತ್ತಾಂಶಕ್ಕೆ ಒದಗುವುದೇ ಜೆನೆರಿಕ್ ಪ್ರೋಗ್ರಾಮಿಂಗ್. ಒಳಗೆ ಏನಿದೆ ಎಂಬ ಚೀಟಿ ಮಾತ್ರ ಜೊತೆಗಿರಬೇಕು. ಆ ಚೀಟಿಗೆ ಟೈಪ್ ಎನ್ನುತ್ತಾರೆ. ಪ್ರೋಗ್ರಾಂ ಓಡುವ ಮೊದಲೇ, ಅದನ್ನು ಯಂತ್ರಕ್ಕೆ ತಿಳಿಯುವಂತೆ ಅನುವಾದಿಸುವ ಕಂಪೈಲರ್ ಈ ಚೀಟಿಯನ್ನು ಓದಿ ತಪ್ಪು ಹಿಡಿಯುತ್ತದೆ.

ಫಂಕ್ಷನ್‌ಗಳನ್ನೇ ಜೋಡಿಸಿ ಪ್ರೋಗ್ರಾಂ ಕಟ್ಟುವ ಫಂಕ್ಷನಲ್ ಭಾಷೆಗಳಲ್ಲಿ ಇಂಥ ಜೆನೆರಿಕ್ ಟೈಪುಗಳಿಗೆ ಗಟ್ಟಿ ತಳಹದಿ ಹಾಕಿದ್ದು ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್ ಅವರ 1978ರ ಪ್ರಬಂಧ. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳ ಬಲ ಬೇರೆ: ‘ದ್ವಿತಳಿಯೂ ಒಂದು ಗೂಡು’ ಎಂಬ ವಂಶಾವಳಿ. ಇವೆರಡೂ ಕೂಡಿದಾಗ ಪ್ರಶ್ನೆಯೊಂದು ಏಳುತ್ತದೆ. ದ್ವಿತಳಿಯೂ ಗೂಡೇ ಆದಮೇಲೆ, ದ್ವಿತಳಿ ಲಾಟನ್ನು ‘ಗೂಡಿನ ಲಾಟು’ ಎಂದು ಯಾರಿಗೆ ಬೇಕಾದರೂ ಕೊಡಬಹುದೇ?

ತೂಗುವವರಿಗೆ ಕೊಟ್ಟರೆ ತೊಂದರೆಯಿಲ್ಲ. ಆದರೆ ‘ಗೂಡಿನ ಲಾಟು ತಾನೇ’ ಎಂದು ಯಾರೋ ಅದಕ್ಕೆ ಮಿಶ್ರತಳಿ ಸುರಿದರೆ? ಚೀಟಿಯಲ್ಲಿ ಇನ್ನೂ ದ್ವಿತಳಿ ಎಂದೇ ಇದೆ. ನಂಬಿ ಕೊಂಡ, ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗೆ ನಷ್ಟ. 1996ರ ಜಾವಾ ಭಾಷೆ ತನ್ನ ಅರೇಗಳಲ್ಲಿ, ಅಂದರೆ ದತ್ತಾಂಶದ ಸಾಲುಗಳಲ್ಲಿ, ಇಂಥ ಬೆರಕೆಗೆ ದಾರಿ ಬಿಟ್ಟಿತ್ತು. ಕಂಪೈಲರ್ ಸುಮ್ಮನಿರುತ್ತಿತ್ತು, ಓಡುವಾಗ ಪ್ರೋಗ್ರಾಂ ಮುಗ್ಗರಿಸುತ್ತಿತ್ತು.

ಮಾರ್ಟಿನ್ ಓಡರ್‌ಸ್ಕಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ರೂಪಿಸಿದ ಸ್ಕಾಲಾ ಭಾಷೆ ಈ ಗಂಟನ್ನು ಬಿಡಿಸಲು ಫಂಕ್ಷನಲ್ ಪರಂಪರೆಯ ನೆರವು ಪಡೆಯಿತು. ಆ ಪರಂಪರೆಯಂತೆ ಸ್ಕಾಲಾದ ಲಿಸ್ಟ್ ಒಮ್ಮೆ ಕಟ್ಟಿದ ಮೇಲೆ ಬದಲಾಗದು. ದ್ವಿತಳಿ ಲಿಸ್ಟ್‌ಗೆ ಮಿಶ್ರತಳಿ ಸೇರಿಸಿದರೆ ‘ಗೂಡಿನ ಲಿಸ್ಟ್’ ಎಂಬ ಹೊಸ ಚೀಟಿಯೊಡನೆ ಬೇರೆಯೇ ಲಿಸ್ಟ್ ಸಿಗುತ್ತದೆ. ಹಳೆಯದು ಶುದ್ಧವಾಗಿಯೇ ಉಳಿಯುತ್ತದೆ. ಆದ್ದರಿಂದ ದ್ವಿತಳಿ ಲಿಸ್ಟನ್ನು ಗೂಡಿನ ಲಿಸ್ಟ್ ಎಂದು ಧೈರ್ಯವಾಗಿ ಕೊಡಬಹುದು. ಇದು ಕೋವೇರಿಯನ್ಸ್.

ಕೆಲಸ ಮಾಡುವ ಫಂಕ್ಷನ್‌ಗಳಿಗೆ ಕೊಡುವ ದತ್ತಾಂಶದಲ್ಲಿ ನಿಯಮ ತಿರುವುಮುರುವು. ಯಾವ ಗೂಡಿನಿಂದಾದರೂ ನೂಲು ಬಿಚ್ಚಬಲ್ಲವರನ್ನು ದ್ವಿತಳಿ ಬಿಚ್ಚಲು ಕಳಿಸಬಹುದು. ದ್ವಿತಳಿಯಷ್ಟೇ ಬಲ್ಲವರ ಮುಂದೆ ಎಲ್ಲ ಗೂಡನ್ನೂ ಸುರಿಯುವಂತಿಲ್ಲ. ಇದು ಕಾಂಟ್ರಾವೇರಿಯನ್ಸ್.

ಹೆಸರು ಕಠಿಣ, ವಿವೇಕ ಸರಳ: ಲಾಟಿನಿಂದ ಬರೀ ತೆಗೆಯುವ ಕಡೆ ಚೀಟಿ ಹಿಗ್ಗಬಹುದು, ಅದಕ್ಕೆ ಸುರಿಯುವ ಕಡೆ ಹಿಗ್ಗಬಾರದು. ಲಾಟಿನ ಮೇಲೆ ರೀಲರ್ ಇಡುವ ನಂಬಿಕೆಯನ್ನೇ ಪ್ರೋಗ್ರಾಂ ಬರೆಯುವವರು ಟೈಪಿನ ಮೇಲೆ ಇಡುತ್ತಾರೆ. ಅದು ಸುಳ್ಳಾಗದಂತೆ ಕಾಯುವುದೇ ಒಳ್ಳೆಯ ಭಾಷೆಯ ಧರ್ಮ.